ಬೇಲಿ ಹಾಕಿದರೆ ಆಮೆ ಉಳಿಯುತ್ತದಾ?

ಪ್ರಶ್ನೆ: ನಮ್ಮದು ಕುಂದಾಪುರ ತಾಲ್ಲೂಕಿನ ಕಡಲ ಬದಿಯ ಊರು. ನಾನೀಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದೇನೆ. ಮನೆಯಿಂದ ಕಡಲಿಗೆ ಇಳಿಯುವ ಕಾಲುದಾರಿಗೆ ಹೋದ ವರ್ಷ ಒಂದು ರೆಸಾರ್ಟಿನವರು ತಂತಿ ಬೇಲಿ ಹಾಕಿದರು. ಕೇಳಿದರೆ ‘ಇಲ್ಲಿ ಕಡಲಾಮೆ ಮೊಟ್ಟೆ ಇಡುತ್ತದೆ, ಜನ ಓಡಾಡಿದರೆ ಹಾಳಾಗುತ್ತದೆ’ ಅನ್ನುತ್ತಾರೆ. ಆಮೆ ಬರುವುದು ನಿಜ. ನಮ್ಮ ಹುಡುಗರಲ್ಲೇ ಕೆಲವರು ‘ಬೇಲಿ ಇರಲಿ ಬಿಡಿ’ ಅನ್ನುತ್ತಿದ್ದಾರೆ. ಅಮ್ಮ ಮೀನು ಒಣಗಿಸಲು ಈಗ ಒಂದೂವರೆ ಕಿಲೋಮೀಟರ್ ಸುತ್ತಿ ಹೋಗಬೇಕು. ಪಂಚಾಯಿತಿಯವರು ‘ಕಡಲ ಬದಿಗೇ ಕಾಂಕ್ರೀಟ್ ರಸ್ತೆ ಮಾಡಿ ಹೈಮಾಸ್ಟ್ ದೀಪ, ಬೆಂಚು ಹಾಕುತ್ತೇವೆ, ದಾರಿ ಸಮಸ್ಯೆಯೂ ಮುಗಿಯುತ್ತದೆ’ ಅನ್ನುತ್ತಾರೆ. ನಾವು ಯಾವುದಕ್ಕೆ ಹೂಂ ಅನ್ನಬೇಕು? ಮತ್ತೆ, ಆಮೆ ಮರಿಗಳು ದಿಕ್ಕು ತಪ್ಪಿ ತೋಟದ ಕಡೆ ಬಂದರೆ ಏನು ಮಾಡಬೇಕು?

ಉತ್ತರ: ಎರಡಕ್ಕೂ ಹೂಂ ಅನ್ನಬೇಡಿ. ಬೇಲಿಯಿಂದ ನಿಮ್ಮ ಅಮ್ಮನಿಗೆ ಕಡಲು ತಪ್ಪುತ್ತದೆ. ಹೈಮಾಸ್ಟ್ ದೀಪದಿಂದ ಆಮೆಗೆ ಕಡಲು ತಪ್ಪುತ್ತದೆ. ನೀವು ಕೇಳಬೇಕಾದದ್ದು ಎರಡೇ: ನಡೆದು ಹೋಗುವಷ್ಟು ಅಗಲದ ದಾರಿ, ಮತ್ತು ರಾತ್ರಿ ಹೊತ್ತು ಕತ್ತಲೆ. ಹೊಯ್ಗೆಯ (ಮರಳಿನ) ಮೇಲೆ ಜನರಿಗೂ ಆಮೆಗೂ ಜಗಳ ಇಲ್ಲ. ಇಬ್ಬರಿಗೂ ಬೇಕಾಗಿರುವುದು ಅದೇ ಒಣ ಹೊಯ್ಗೆ. ಜನ ಹಗಲು ಬರುತ್ತಾರೆ, ಅದು ರಾತ್ರಿ ಬರುತ್ತದೆ.

ಬೇಲಿ ಹಾಕಿದವರು ಆಮೆಯ ಹೆಸರು ಹೇಳುತ್ತಿದ್ದಾರಲ್ಲ, ಹಾಗಾಗಿ ಆಮೆಗೆ ಏನು ಬೇಕು ಅನ್ನುವುದನ್ನೇ ಮೊದಲು ನೋಡೋಣ.

ನಮ್ಮ ಕರಾವಳಿಯಲ್ಲಿ ಮೊಟ್ಟೆ ಇಡಲು ಬರುವುದು ಹೆಚ್ಚಾಗಿ ಆಲಿವ್ ರಿಡ್ಲಿ ಅನ್ನುವ ಕಡಲಾಮೆ. ನವೆಂಬರ್–ಡಿಸೆಂಬರ್‌ಗೆ ಶುರುವಾಗಿ ಮಾರ್ಚ್ ತನಕ ಬರುತ್ತದೆ, ಕೆಲವೊಮ್ಮೆ ಏಪ್ರಿಲ್‌ಗೂ ಬರುವುದುಂಟು. ಒಡಿಶಾದ ಗಹಿರ್ಮಾಥಾ, ಋಷಿಕುಲ್ಯಾ ಕಡೆ ಸಾವಿರಗಟ್ಟಲೆ ಒಟ್ಟಿಗೆ ಹತ್ತುವ ಆಮೆಗಳೂ ಇವೇ. ನಮ್ಮಲ್ಲಿ ಒಂದೊಂದಾಗಿ ಬರುತ್ತವೆ, ಯಾರ ಕಣ್ಣಿಗೂ ಬೀಳದೆ ಹೋಗುತ್ತವೆ. ಕುಂದಾಪುರದ ಕೋಡಿಯ ಕಡೆ ಒಂದು ಫೆಬ್ರವರಿ ರಾತ್ರಿ ನಾನು ಮೊದಲ ಸಲ ಕಂಡದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ನೀರಿನ ಅಂಚಲ್ಲಿ ಒಂದು ಕರಿಕಲ್ಲು ಇದ್ದ ಹಾಗಿತ್ತು. ನೋಡುತ್ತಿದ್ದ ಹಾಗೆ ಆ ಕಲ್ಲು ಮುಂದೆ ಸರಿಯಿತು. ನಾಲ್ಕು ಹೆಜ್ಜೆ ಎಳೆಯುವುದು, ನಿಲ್ಲುವುದು, ಮತ್ತೆ ಎಳೆಯುವುದು. ಹಸಿ ಹೊಯ್ಗೆ ದಾಟಿತು. ಕಸಕಡ್ಡಿ, ಚಿಪ್ಪು ಬಂದು ನಿಂತ ಗೆರೆಯನ್ನೂ ದಾಟಿತು. ಆಡಿನ ಗೊರಸಿನಂಥ ಎಲೆಯ ನೇರಳೆ ಹೂವಿನ ಬಳ್ಳಿ ಶುರುವಾಗುವಲ್ಲಿ ನಿಂತಿತು. ಅಲ್ಲಿ ಹಿಂದಿನ ಕಾಲುಗಳಿಂದ ಗುಂಡಿ ತೋಡಿತು. ಒಂದು ಕಾಲು ಬಟ್ಟಲಿನಂತೆ ಮಡಚಿ ಒಂದು ಹಿಡಿ ಹೊಯ್ಗೆ ಎತ್ತಿ ಪಕ್ಕಕ್ಕೆ ಇಡುತ್ತದೆ. ಆಮೇಲೆ ಇನ್ನೊಂದು ಕಾಲಿನ ಸರದಿ. ತಿರುಗಿ ನೋಡದೆ, ಕಾಲಿನ ಸ್ಪರ್ಶದಿಂದಲೇ, ಸುಮಾರು ಒಂದೂವರೆ ಅಡಿ ಆಳದ ಗುಂಡಿ ಆಯಿತು. ಬಾಯಿ ಸಣ್ಣ, ಹೊಟ್ಟೆ ದೊಡ್ಡ, ಥೇಟ್ ನೀರು ತರುವ ಕೊಡದ ಹಾಗೆ. ಅದರೊಳಗೆ ನೂರರಿಂದ ನೂರಿಪ್ಪತ್ತು ಮೊಟ್ಟೆ, ಟೇಬಲ್ ಟೆನ್ನಿಸ್ ಚೆಂಡಿನಷ್ಟು ದೊಡ್ಡವು. ಮುಚ್ಚಿದ ಮೇಲೆ ಮೈಯನ್ನು ಆ ಕಡೆ ಈ ಕಡೆ ಆಡಿಸಿ ನೆಲಕ್ಕೆ ಬಡಿಯಿತು. ದಬ್, ದಬ್, ದಬ್. ಅಂಗಳಕ್ಕೆ ಮಣ್ಣು ಹಾಕಿ ಪೆಟ್ಟುಮಣೆಯಲ್ಲಿ ಬಡಿದ ಹಾಗೆ. ನಲವತ್ತು ಕಿಲೋ ಆಸುಪಾಸಿನ ಮೈ ಅಲ್ವಾ, ಕೂತಲ್ಲಿ ನಮಗೆ ನೆಲ ಅದುರುವುದು ಗೊತ್ತಾಗುತ್ತಿತ್ತು. ಎಲ್ಲ ಸೇರಿ ಒಂದು ಗಂಟೆಯೂ ಆಗಿರಲಿಲ್ಲ. ನೀರಿಗೆ ಹೋಯಿತು.

ಆ ಒಂದು ಗಂಟೆಗೆ ಅದಕ್ಕೆ ಬೇಕಾದದ್ದು ಏನು? ನೀರಿನಿಂದ ಬಳ್ಳಿಯ ತನಕ ಅಡ್ಡಿ ಇಲ್ಲದ ದಾರಿ. ಕಾಲಿಗೆ ಬಗ್ಗುವ ಸಡಿಲ ಹೊಯ್ಗೆ. ಕತ್ತಲೆ. ಇಷ್ಟೇ. ಹಗಲು ಜನ ನಡೆದಾಡಿದ್ದು ಅದಕ್ಕೆ ಗೊತ್ತೇ ಆಗುವುದಿಲ್ಲ. ಆದರೆ ದಾರಿಯಲ್ಲಿ ತಂತಿಯೋ ಕಲ್ಲಿನ ಗೋಡೆಯೋ ಸಿಕ್ಕರೆ ಮೊಟ್ಟೆ ಇಡದೆ ವಾಪಸ್ ಹೋಗುತ್ತದೆ. ಇಲ್ಲವೇ ಗೋಡೆಯ ಕೆಳಗೇ ಇಟ್ಟು ಹೋಗುತ್ತದೆ. ಮುಂದಿನ ಹುಣ್ಣಿಮೆಯ ಉಬ್ಬರಕ್ಕೆ ಆ ಗೂಡಿಗೆ ನೀರು ನುಗ್ಗಿ ಮೊಟ್ಟೆ ಕೊಳೆಯುತ್ತದೆ.

ಈಗ ನಿಮ್ಮೂರಿಗೆ ಬರೋಣ. ಮುಂದಿನ ಸಲ ಊರಿಗೆ ಹೋದಾಗ ಬೇಲಿಯ ಒಳಗೆ ಏನಿದೆ ಅಂತ ನೋಡಿ. ರಾತ್ರಿ ಎಂಟರ ಮೇಲೆ ಹೋಗಿ, ನೀರಿನ ಅಂಚಿನಲ್ಲಿ ಕೂತು, ನೆಲದ ಮಟ್ಟದಿಂದ ಊರಿನ ಕಡೆ ನೋಡಿ. ಆಮೆಯ ಕಣ್ಣು ಇರುವುದು ಆ ಎತ್ತರದಲ್ಲೇ. ಬಿಳಿ ಎಲ್‌ಇಡಿ ದೀಪಗಳು ಕಾಣುತ್ತವಾ? ಹೊಯ್ಗೆಯ ದಿಬ್ಬ ಕಡಿದು ಹುಲ್ಲುಹಾಸು ಮಾಡಿದ್ದಾರಾ? ಬಳ್ಳಿ ಕಿತ್ತು ಕುರ್ಚಿ ಹಾಕಿದ್ದಾರಾ? ಇದರಲ್ಲಿ ಒಂದಕ್ಕೆ ‘ಹೌದು’ ಅಂತ ಉತ್ತರ ಬಂದರೂ ಆ ಬೇಲಿ ಆಮೆಗಾಗಿ ಹಾಕಿದ್ದಲ್ಲ. ನಿಮ್ಮ ಹುಡುಗರಿಗೆ ಇದನ್ನು ವಾದ ಮಾಡಿ ಹೇಳಬೇಡಿ. ಒಂದು ರಾತ್ರಿ ಕರೆದುಕೊಂಡು ಹೋಗಿ ಕೂರಿಸಿ. ಆಮೆ ಬದುಕಲಿ ಅಂತ ಬೇಲಿಗೆ ಒಪ್ಪಿದ ಹುಡುಗರು ಒಳ್ಳೆಯ ಹುಡುಗರೇ. ಅವರು ನಿಮ್ಮ ಕಡೆಗೆ ಬೇಕು.

ಇನ್ನೊಂದು ಮಾತು. ಬೇಲಿ ಹಾಕಿ ಜನರನ್ನು ದೂರ ಇಟ್ಟರೆ ಆಮೆ ಗೂಡನ್ನು ಕಾಯುವವರು ಯಾರು? ಅರಣ್ಯ ಇಲಾಖೆಗೆ ಪ್ರತಿ ಅರ್ಧ ಕಿಲೋಮೀಟರಿಗೆ ಒಬ್ಬ ಕಾವಲುಗಾರನನ್ನು ಇಡಲು ಆಗುವುದಿಲ್ಲ. ಗೂಡು ಸಿಗುವುದು ಬೆಳಗಿನ ಜಾವ ಕೈರಂಪಣಿ (ದಡದಿಂದ ಎಳೆಯುವ ಬಲೆ) ಎಳೆಯಲು ಹೋದವರಿಗೆ, ದೋಣಿ ಇಳಿಸುವವರಿಗೆ, ಮೀನು ಒಣಗಿಸುವ ಹೆಂಗಸರಿಗೆ. ಹೊಯ್ಗೆಯ ಮೇಲೆ ಟ್ರ್ಯಾಕ್ಟರ್ ಚಕ್ರದಂಥ ಗುರುತು ನೀರಿನಿಂದ ಮೇಲೆ ಹೋಗಿ ತಿರುಗಿ ಬಂದಿದ್ದರೆ ಅವರಿಗೆ ತಕ್ಷಣ ಗೊತ್ತಾಗುತ್ತದೆ. ನಾಯಿ, ನರಿ ಮೂಸುವ ಮೊದಲು ಗೂಡಿಗೆ ಬಲೆ ಕಟ್ಟಬೇಕಾದರೆ ಬೆಳಿಗ್ಗೆ ಆರಕ್ಕೆ ಅಲ್ಲಿ ಒಬ್ಬರು ಇರಬೇಕು. ಕುಂದಾಪುರದ ಕೋಡಿಯಲ್ಲಿ ಗೂಡುಗಳು ಉಳಿದದ್ದು ಮೀನುಗಾರರು ಮಾಹಿತಿ ಕೊಟ್ಟು, ಅರಣ್ಯ ಇಲಾಖೆಯೂ ಸಂಘಸಂಸ್ಥೆಯವರೂ ಜೊತೆ ನಿಂತದ್ದರಿಂದ. ಮಂಗಳೂರಿನ ಕಡೆ ದಶಕಗಳಿಂದ ಆಮೆ ಗೂಡಿನ ಸುದ್ದಿಯೇ ಇರಲಿಲ್ಲ. 2024ರ ಆರಂಭದಲ್ಲಿ ತಣ್ಣೀರುಬಾವಿ, ಸಸಿಹಿತ್ಲು ಕಡೆ ಗೂಡುಗಳು ಸಿಕ್ಕವು. ಜನ ಓಡಾಡುವ ಕಡಲ ತಡಿಗಳೇ ಅವು.

ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯಲ್ಲಿ ವೇಳಾಸ್ ಅಂತ ಒಂದು ಸಣ್ಣ ಊರಿದೆ. ಹಿಂದೆ ಅಲ್ಲಿ ಮೊಟ್ಟೆ ಅಗೆದು ಒಯ್ಯುತ್ತಿದ್ದರು. ನಮ್ಮಲ್ಲೂ ಹಾಗೇ ಇತ್ತು, ಮುಚ್ಚಿಡುವುದು ಬೇಡ. ಈ ಶತಮಾನದ ಮೊದಲ ವರ್ಷಗಳಲ್ಲಿ ಊರವರನ್ನೇ ಕಾವಲಿಗೆ ಹಚ್ಚಿದರು. ಈಗ ಮರಿಗಳು ಕಡಲಿಗೆ ಹೋಗುವ ದಿನಗಳಲ್ಲಿ ದೂರದೂರದಿಂದ ಜನ ಬರುತ್ತಾರೆ. ಊರವರ ಮನೆಗಳಲ್ಲೇ ಉಳಿಯುತ್ತಾರೆ, ಅವರು ಬಡಿಸಿದ್ದನ್ನೇ ಉಣ್ಣುತ್ತಾರೆ. ಕಡಲಿಗೆ ಬೇಲಿ ಇಲ್ಲ. ಹಗ್ಗ ಕಟ್ಟಿ ‘ಇಲ್ಲಿಂದ ಈಚೆ ನಿಂತು ನೋಡಿ’ ಅನ್ನುತ್ತಾರೆ, ಅಷ್ಟೇ.

ಈಗ ಕಡಲ ತಡಿಯ ಒಂದು ಗುಣ ಹೇಳಬೇಕು. ಇದು ತಿಳಿಯದೆ ಅರ್ಜಿ ಬರೆದರೆ ಸೋಲುತ್ತೀರಿ. ನಿಮ್ಮ ಕಡಲ ತಡಿ ಒಂದೇ ಜಾಗದಲ್ಲಿ ಇರುವುದಿಲ್ಲ. ಜೂನ್‌ನಲ್ಲಿ ಮಳೆಗಾಲದ ಅಲೆ ಹೊಯ್ಗೆಯನ್ನು ಎಳೆದು ಕಡಲ ಒಳಗೆ ಸ್ವಲ್ಪ ದೂರದಲ್ಲಿ ದಿಣ್ಣೆ ಮಾಡಿ ಇಡುತ್ತದೆ. ಆಗ ತಡಿ ಸಪೂರ, ಇಳಿಜಾರು ಕಡಿದು. ಸೆಪ್ಟೆಂಬರ್ ಕಳೆದ ಮೇಲೆ ಸಣ್ಣ ಅಲೆಗಳು ಅದೇ ಹೊಯ್ಗೆಯನ್ನು ಸ್ವಲ್ಪ ಸ್ವಲ್ಪವಾಗಿ ವಾಪಸ್ ತರುತ್ತವೆ. ಜನವರಿ–ಫೆಬ್ರವರಿ ಹೊತ್ತಿಗೆ ತಡಿ ಅಗಲವಾಗಿ ಹರಡಿರುತ್ತದೆ. ಒಂದು ತೆಂಗಿನ ಮರಕ್ಕೆ ಹಗ್ಗ ಕಟ್ಟಿ ನೀರಿನ ತನಕ ಜುಲೈಯಲ್ಲೊಮ್ಮೆ, ಜನವರಿಯಲ್ಲೊಮ್ಮೆ ಅಳೆದು ನೋಡಿ, ಅದೇ ಜಾಗ ಅಂದರೆ ನಂಬಲಿಕ್ಕಾಗುವುದಿಲ್ಲ. ಬೇಲಿ ಹಾಕುವವರು ಜನವರಿಯಲ್ಲಿ ಬಂದು ‘ನೀರು ಎಷ್ಟು ದೂರ ಇದೆ ನೋಡಿ, ಇಲ್ಲಿ ತನಕ ನಮ್ಮದು’ ಅನ್ನುತ್ತಾರೆ. ಮಳೆಗಾಲಕ್ಕೆ ಆ ಬೇಲಿಯ ಬುಡ ಅಲೆ ಹೊಡೆದು ಬರಿದಾಗುತ್ತದೆ. ಆಗ ‘ಕಡಲ್ಕೊರೆತ’ ಅಂತ ಕೂಗಿ ಕಲ್ಲು ಹಾಕಿಸಿಕೊಳ್ಳುತ್ತಾರೆ. ಕಲ್ಲಿನ ಗೋಡೆಗೆ ಬಡಿದ ಅಲೆ ಮುಂದಿನ ಹೊಯ್ಗೆಯನ್ನೇ ಕೆದಕಿ ಒಯ್ಯುತ್ತದೆ, ಪಕ್ಕದವರ ತೋಟವನ್ನೂ ತಿನ್ನುತ್ತದೆ. ಮರವಂತೆಯಲ್ಲಿ ಹೆದ್ದಾರಿಯೇ ಕಡಲ ಬಾಯಿಯಲ್ಲಿದ್ದದ್ದರಿಂದ ಕಲ್ಲು ಹಾಕಲೇಬೇಕಾಯಿತು, ಆ ಮಾತು ಬೇರೆ. ಒಂದು ಹುಲ್ಲುಹಾಸನ್ನು ಉಳಿಸಲು ಇಡೀ ಊರಿನ ಕಡಲ ತಡಿ ಕಳೆದುಕೊಳ್ಳುವುದು ಯಾವ ನ್ಯಾಯ?

ಕಾನೂನು ಈ ವಿಷಯದಲ್ಲಿ ನಿಮ್ಮ ಪರ ಇದೆ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 67ನೇ ಕಲಮಿನ ಪ್ರಕಾರ ಉಬ್ಬರದ ಗೆರೆಯ ಕೆಳಗಿನ ಕಡಲ ನೆಲ ಸರ್ಕಾರದ್ದು. ಸಾರ್ವಜನಿಕ ಓಣಿ, ಕಾಲುದಾರಿಗಳೂ ಸರ್ಕಾರದವೇ. ಅದರ ಮೇಲೆ ಕೇಂದ್ರ ಸರ್ಕಾರದ ಸಿಆರ್‌ಜೆಡ್ (ಕರಾವಳಿ ನಿಯಂತ್ರಣ ವಲಯ) ಅಧಿಸೂಚನೆ ಇದೆ. 1981ರಲ್ಲಿ ಪ್ರಧಾನಿ ಇಂದಿರಾ ಗಾಂಧಿ ಕರಾವಳಿ ರಾಜ್ಯಗಳ ಮುಖ್ಯಮಂತ್ರಿಗಳಿಗೆ ಪತ್ರ ಬರೆದು, ಉಬ್ಬರದ ಗೆರೆಯಿಂದ 500 ಮೀಟರ್ ತನಕ ಕಟ್ಟಡ ಬರದಂತೆ ನೋಡಿಕೊಳ್ಳಿ ಅಂದಿದ್ದರು. ಅದು 1991ರಲ್ಲಿ ನಿಯಮವಾಯಿತು. 2011ರಲ್ಲಿ ಬದಲಾಯಿತು, 2019ರ ಜನವರಿಯಲ್ಲಿ ಮತ್ತೆ ಬದಲಾಯಿತು. ಈಗ ನಡೆಯುತ್ತಿರುವುದು 2019ರದ್ದು. ಅದರಲ್ಲಿ ಹಿಂದೆ ಇದ್ದಷ್ಟು ಬಿಗಿ ಇಲ್ಲ, ನನಗೆ ಅದರ ಬಗ್ಗೆ ಬೇಸರವೂ ಇದೆ. ಹಳ್ಳಿಗಳಲ್ಲಿ ಮೊದಲು ಎಲ್ಲ ಕಡೆ 200 ಮೀಟರ್ ತನಕ ಹೊಸ ಕಟ್ಟಡ ಇರಲಿಲ್ಲ. ಈಗ 2011ರ ಜನಗಣತಿ ಪ್ರಕಾರ ಚದರ ಕಿಲೋಮೀಟರಿಗೆ 2161ಕ್ಕಿಂತ ಜಾಸ್ತಿ ಜನ ಇರುವ ಕಡೆ ಅದು 50 ಮೀಟರ್‌ಗೆ ಇಳಿದಿದೆ. ಉಳಿದ ಕಡೆ 200 ಮೀಟರ್ ಹಾಗೇ ಇದೆ. ನಿಮ್ಮೂರು ಯಾವ ಲೆಕ್ಕಕ್ಕೆ ಬರುತ್ತದೆ ಅನ್ನುವುದು ಕರಾವಳಿ ವಲಯ ನಿರ್ವಹಣಾ ಯೋಜನೆಯ ನಕ್ಷೆಯಲ್ಲಿ ಗೊತ್ತಾಗುತ್ತದೆ.

ನಿಮಗೆ ಬೇಕಾದ ಮುಖ್ಯ ಮಾತು ಆ ಅಧಿಸೂಚನೆಯ ಕೊನೆಗೆ, ರೆಸಾರ್ಟ್‌ಗಳ ಅನುಬಂಧದಲ್ಲಿದೆ. ಖಾಸಗಿ ಜಾಗಕ್ಕೆ ಗಿಡದ ಬೇಲಿ, ಗಿಡ ಹಬ್ಬಿಸಿದ ತಂತಿ ಬೇಲಿ ಹಾಕಬಹುದು. ಆದರೆ ಅದು ಜನ ಕಡಲಿಗೆ ಹೋಗುವುದಕ್ಕೆ ಯಾವ ರೀತಿಯಲ್ಲೂ ಅಡ್ಡಿ ಆಗಬಾರದು. ಎರಡು ರೆಸಾರ್ಟ್‌ಗಳ ನಡುವೆ ಕನಿಷ್ಠ 20 ಮೀಟರ್ ಅಗಲದ ಜಾಗ ಬಿಡಬೇಕು. ಹೊಯ್ಗೆ ದಿಬ್ಬ ಸಮ ಮಾಡುವ ಹಾಗಿಲ್ಲ. ಆಮೆ ಮೊಟ್ಟೆ ಇಡುವ ಜಾಗವನ್ನು ಅದೇ ಅಧಿಸೂಚನೆ ಅತಿ ಸೂಕ್ಷ್ಮ ಅಂತ ಮೊದಲ ವರ್ಗಕ್ಕೆ ಸೇರಿಸಿದೆ. ಅಂದರೆ ರೆಸಾರ್ಟಿನವರು ‘ಇಲ್ಲಿ ಆಮೆ ಬರುತ್ತದೆ’ ಅಂತ ಬಾಯಿಬಿಟ್ಟು ಹೇಳಿದ್ದು ನಿಮಗೇ ಅನುಕೂಲ. ಆಮೆ ಬರುವ ಜಾಗ ಅಂತಾದರೆ ಅಲ್ಲಿ ಅವರ ಹುಲ್ಲುಹಾಸು, ದೀಪ, ಕುರ್ಚಿಗಳ ಬಗ್ಗೆಯೇ ಮೊದಲು ಪ್ರಶ್ನೆ ಏಳುತ್ತದೆ. ಅವರು ಬೋರ್ಡು ಹಾಕಿದ್ದರೆ ಅದರ ಫೋಟೊ ಇವತ್ತೇ ತೆಗೆಸಿ ಇಟ್ಟುಕೊಳ್ಳಿ.

ನ್ಯಾಯಾಲಯಗಳೂ ಇದನ್ನು ಹೇಳಿವೆ. 1996ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹಿಮಾಚಲದ ಬಿಯಾಸ್ ನದಿ ದಂಡೆಯ ಹೋಟೆಲೊಂದರ ಪ್ರಕರಣದಲ್ಲಿ ಹೀಗೆ ಹೇಳಿತು: ನದಿ, ಕಡಲ ತಡಿ, ಕಾಡು, ಗಾಳಿ ಜನರ ಸೊತ್ತು, ಸರ್ಕಾರ ಅದನ್ನು ನೋಡಿಕೊಳ್ಳುವ ಕಾವಲುಗಾರ ಮಾತ್ರ, ಖಾಸಗಿಯವರಿಗೆ ಬರೆದುಕೊಡುವ ಮಾಲೀಕನಲ್ಲ. ಕೊಚ್ಚಿಯ ಮರಡುವಿನಲ್ಲಿ ಸಿಆರ್‌ಜೆಡ್ ಮೀರಿ ಕಟ್ಟಿದ ನಾಲ್ಕು ವಸತಿ ಸಮುಚ್ಚಯಗಳನ್ನು 2020ರ ಜನವರಿ 11 ಮತ್ತು 12ರಂದು ಸ್ಫೋಟಿಸಿ ಕೆಡವಿದ್ದನ್ನು ನೀವೂ ಟಿವಿಯಲ್ಲಿ ನೋಡಿರಬಹುದು. ಅಲ್ಲಿ ಮನೆ ಕೊಂಡವರ ಸಂಕಟ ಸಣ್ಣದಲ್ಲ. ಅದಕ್ಕೇ ನಾನು ಹೇಳುವುದು, ಬೇಲಿ ಇರುವಾಗಲೇ ಎದ್ದು ನಿಲ್ಲಬೇಕು, ಕಟ್ಟಡ ಎದ್ದ ಮೇಲೆ ಅಲ್ಲ.

ಆದರೆ ಕಾನೂನು ಇದ್ದರೆ ಸಾಲದು, ಕಾಗದ ಬೇಕು. ವರ್ಷಗಳ ಹಿಂದೆ ಒಂದು ಊರಿನವರ ಪರವಾಗಿ ನಾನೊಂದು ಅರ್ಜಿ ಬರೆದುಕೊಟ್ಟಿದ್ದೆ. ನಾಲ್ಕು ಪುಟ, ಪರಿಸರದ ಬಗ್ಗೆ ತುಂಬ ಪ್ರೀತಿಯಿಂದ ಬರೆದಿದ್ದೆ. ಸರ್ವೆ ನಂಬರ್ ಒಂದನ್ನೂ ಹಾಕಿರಲಿಲ್ಲ. ಕಚೇರಿಯಿಂದ ‘ಸ್ಥಳ ಸ್ಪಷ್ಟವಿಲ್ಲ’ ಅಂತ ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟರು. ಮತ್ತೆ ಬರೆಯುವ ಹೊತ್ತಿಗೆ ಒಂದು ಮಳೆಗಾಲ ಕಳೆದು, ದಾರಿಯ ಗುರುತೇ ಅಳಿಸಿಹೋಗಿತ್ತು. ಆ ಊರಿನ ಹೆಂಗಸರು ಈಗಲೂ ಸುತ್ತಿಯೇ ಹೋಗುತ್ತಾರೆ. ನಿಮಗೆ ಹಾಗಾಗಬಾರದು.

ಮೊದಲು ಗ್ರಾಮ ನಕ್ಷೆ ತೆಗೆಸಿ. ಹಳೆಯ ಕಾಲುದಾರಿಗಳನ್ನು ಅದರಲ್ಲಿ ಚುಕ್ಕೆ ಗೆರೆಯಲ್ಲಿ ಗುರುತು ಮಾಡಿರುತ್ತಾರೆ. ಆಮೇಲೆ ರೆಸಾರ್ಟ್ ಇರುವ ಸರ್ವೆ ನಂಬರಿನ ಪಹಣಿ ತೆಗೆಯಿರಿ. ನಂಬರ್ ಗೊತ್ತಿಲ್ಲದಿದ್ದರೆ ಸರ್ಕಾರದ ದಿಶಾಂಕ್ ಆ್ಯಪ್ ಇಟ್ಟುಕೊಂಡು ಆ ಜಾಗದಲ್ಲಿ ನಿಂತರೆ ಗೊತ್ತಾಗುತ್ತದೆ. ಪಹಣಿಯಲ್ಲಿ ಖರಾಬು ಅಂತ ಎರಡು ಸಾಲು ಇರುತ್ತದೆ, ‘ಅ’ ಮತ್ತು ‘ಬ’. ‘ಬ’ ಖರಾಬು ಅಂದರೆ ದಾರಿ, ತೋಡು, ಕೆರೆ, ಸ್ಮಶಾನ ಹೀಗೆ ಸಾರ್ವಜನಿಕರಿಗೆ ಬಿಟ್ಟ ಜಾಗ. ಅದು ಆ ಸರ್ವೆ ನಂಬರಿನೊಳಗೇ ಇದ್ದರೂ ಮಾಲೀಕನದ್ದಲ್ಲ. ಅಲ್ಲಿ ನಾಲ್ಕು ಸೆಂಟ್ಸ್ ಇದ್ದರೂ ಅದು ನಿಮ್ಮ ದಾರಿ ಇರಬಹುದು. ಇನ್ನೊಂದು, ನಮ್ಮ ಕಡೆ ‘ಕುಮ್ಕಿ ನಮ್ಮದು’ ಅನ್ನುವ ಮಾತು ಬಂದೇ ಬರುತ್ತದೆ. ಕುಮ್ಕಿ ಅಂದರೆ ವರ್ಗ (ಪಟ್ಟಾ) ಜಾಗಕ್ಕೆ ತಾಗಿದ ಸರ್ಕಾರಿ ಜಾಗದಲ್ಲಿ ಸೊಪ್ಪು, ದರಗು (ಒಣ ಎಲೆ) ತರುವ ಸವಲತ್ತು. ಬೇಲಿ ಹಾಕಿ ಬಾಗಿಲು ಮುಚ್ಚುವ ಒಡೆತನ ಅಲ್ಲ.

ಕಾಗದದ ಜೊತೆ ನೆನಪೂ ಸಾಕ್ಷಿಯೇ. ಊರಿನ ಹಿರಿಯರು ಆರೇಳು ಜನರ ಹೇಳಿಕೆ ಬರೆಸಿ: ಯಾವ ವರ್ಷದಿಂದ ಆ ದಾರಿಯಲ್ಲಿ ನಡೆದಿದ್ದಾರೆ, ಯಾವ ಕೆಲಸಕ್ಕೆ, ದಾರಿ ಎಲ್ಲಿ ತಿರುಗುತ್ತಿತ್ತು. ಮದುವೆ ಆಲ್ಬಮ್ಮಿನಲ್ಲಿ, ಗಣೇಶ ವಿಸರ್ಜನೆಯ ಫೋಟೊದಲ್ಲಿ ಆ ದಾರಿ ಕಾಣುತ್ತದಾ ಹುಡುಕಿ. ಉಪಗ್ರಹ ಚಿತ್ರದಲ್ಲಿ ಹಿಂದಿನ ವರ್ಷಗಳಿಗೆ ಹೋಗಿ ನೋಡಿದರೆ ಕಾಲುದಾರಿ ಬಿಳಿ ಗೆರೆಯ ಹಾಗೆ ಕಾಣುವುದುಂಟು. ನಿಮ್ಮ ಅಜ್ಜಿ ಬುಟ್ಟಿ ಹೊತ್ತು ನಡೆದ ದಾರಿಯೇ ಆ ಗೆರೆ.

ಅರ್ಜಿ ಎಲ್ಲಿಗೆ? ಸಿಆರ್‌ಜೆಡ್ ದೂರು ಜಿಲ್ಲಾಧಿಕಾರಿಯವರು ಅಧ್ಯಕ್ಷರಾಗಿರುವ ಜಿಲ್ಲಾ ಮಟ್ಟದ ಕರಾವಳಿ ಸಮಿತಿಗೆ. ಉಡುಪಿಯಲ್ಲೇ ಪ್ರಾದೇಶಿಕ ನಿರ್ದೇಶಕರ (ಪರಿಸರ) ಕಚೇರಿ ಇದೆ, ಅಲ್ಲಿಗೊಂದು ಪ್ರತಿ. ಬೆಂಗಳೂರಿನ ರಾಜ್ಯ ಕರಾವಳಿ ವಲಯ ನಿರ್ವಹಣಾ ಪ್ರಾಧಿಕಾರಕ್ಕೊಂದು, ಅದನ್ನು ನೀವೇ ಕೈಯಾರೆ ಕೊಟ್ಟು ಸ್ವೀಕೃತಿ ತನ್ನಿ. ಜಿಲ್ಲಾ ಸಮಿತಿಯಲ್ಲಿ ಮೀನುಗಾರರು ಸೇರಿದಂತೆ ಸ್ಥಳೀಯ ಕರಾವಳಿ ಸಮುದಾಯದ ಮೂವರಾದರೂ ಇರಬೇಕು ಅಂತ ನಿಯಮ. ಅವರು ಯಾರು ಅಂತ ಕೇಳಿ ತಿಳಿದು ಮನೆಗೇ ಹೋಗಿ ಮಾತಾಡಿ. ಸಾರ್ವಜನಿಕ ದಾರಿಗೆ ಅಡ್ಡಿ ಅನ್ನುವ ದೂರು ಬೇರೆಯೇ, ಅದು ಕುಂದಾಪುರದ ಎ.ಸಿ. (ಉಪವಿಭಾಗಾಧಿಕಾರಿ) ಯವರಿಗೆ. ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಲ್ಲಿ ಅಂಥ ಅಡ್ಡಿ ತೆಗೆಸುವ ಅಧಿಕಾರ ಅವರಿಗಿದೆ, ಹಳೆಯ ಸಿಆರ್‌ಪಿಸಿಯ 133 ಅಂದರೆ ವಕೀಲರಿಗೆ ಬೇಗ ಅರ್ಥ ಆಗುತ್ತದೆ. ರೆಸಾರ್ಟಿಗೆ ಸಿಆರ್‌ಜೆಡ್ ಅನುಮತಿ ಇದೆಯಾ, ಯಾವ ಷರತ್ತಿನ ಮೇಲೆ ಕೊಟ್ಟರು ಅಂತ ಹತ್ತು ರೂಪಾಯಿ ಕಟ್ಟಿ ಮಾಹಿತಿ ಹಕ್ಕಿನಲ್ಲಿ ಕೇಳಿ. ಅನುಮತಿ ಪತ್ರದಲ್ಲೇ ‘ಸಾರ್ವಜನಿಕ ದಾರಿ ಬಿಡತಕ್ಕದ್ದು’ ಅಂತ ಇರುವ ಸಂಭವ ಜಾಸ್ತಿ.

ಇಲ್ಲೊಂದು ಎಚ್ಚರಿಕೆ. ಬೇಲಿ ಹಾಕಿದ್ದು ಹೋದ ವರ್ಷ ಅಂದಿದ್ದೀರಿ. ತಿಂಗಳು ಲೆಕ್ಕ ಹಾಕಿ. ಚೆನ್ನೈಯಲ್ಲಿರುವ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠಕ್ಕೆ ಸಾಮಾನ್ಯವಾಗಿ ಆರು ತಿಂಗಳೊಳಗೆ ಹೋಗಬೇಕು, ಸರಿಯಾದ ಕಾರಣ ಇದ್ದರೆ ಇನ್ನೂ 60 ದಿನ ಸಿಗುತ್ತದೆ. ಹಾಳಾದ ಪರಿಸರವನ್ನು ಮೊದಲಿನಂತೆ ಮಾಡಿಸಿ ಅನ್ನುವ ಬೇಡಿಕೆಗೆ ಐದು ವರ್ಷದ ಅವಕಾಶ ಇದೆ, ಹಾಗಾಗಿ ದಿಬ್ಬ ಕಡಿದದ್ದಿದ್ದರೆ ಆ ಬಾಗಿಲು ಇನ್ನೂ ತೆರೆದಿರುತ್ತದೆ. ಇಪ್ಪತ್ತು ವರ್ಷ ತಡೆಯಿಲ್ಲದೆ ನಡೆದ ದಾರಿ ಅಂತ ಸಿವಿಲ್ ಕೋರ್ಟಿಗೆ ಹೋಗುವುದಾದರೆ ಅಡ್ಡಿ ಬಿದ್ದ ಎರಡು ವರ್ಷದೊಳಗೆ ಹೋಗಿ. ಕುಂದಾಪುರದಲ್ಲೇ ಒಬ್ಬ ವಕೀಲರನ್ನು ಈ ತಿಂಗಳೇ ಕಾಣಿ.

ಇನ್ನು ಪಂಚಾಯಿತಿಯ ರಸ್ತೆ. ಪಂಚಾಯಿತಿಯವರ ಮನಸ್ಸು ಕೆಟ್ಟದ್ದಲ್ಲ, ಊರಿಗೆ ಏನಾದರೂ ಆಗಲಿ ಅಂತಲೇ ಹೊರಟಿದ್ದಾರೆ. ಆದರೆ ಕಾಂಕ್ರೀಟ್ ಹಾಕುವುದು ಎಲ್ಲಿ? ಬಳ್ಳಿಯೂ ‘ರಾವಣನ ಮೀಸೆ’ ಅನ್ನುವ ಮುಳ್ಳು ಹುಲ್ಲೂ ಹಿಡಿದು ನಿಲ್ಲಿಸಿದ ದಿಬ್ಬದ ಮೇಲೆ. ಆ ದಿಬ್ಬವೇ ನಿಮ್ಮ ಊರಿನ ಕಟ್ಟೆ. ಕಡಲು ಉಕ್ಕಿದ ವರ್ಷ ಅಲೆಗೆ ಹೊಯ್ಗೆ ಕೊಟ್ಟು ತೋಟ ಉಳಿಸುವುದು ಅದು. ಅದನ್ನು ಕಡಿದು ರಸ್ತೆ ಮಾಡಿದರೆ ಮೂರನೇ ಮಳೆಗಾಲಕ್ಕೆ ರಸ್ತೆ ಉಳಿಸಲು ಕಲ್ಲು ಬೇಕಾಗುತ್ತದೆ. ರಸ್ತೆ ಬಂದರೆ ಕಾರು ಹೊಯ್ಗೆಗೇ ಇಳಿಯುತ್ತದೆ. ಚಕ್ರ ಹೋದ ಕಡೆ ಹೊಯ್ಗೆ ಗಟ್ಟಿಯಾಗಿ ಒಳಗಿನ ಮರಿಗಳು ಮೇಲೆ ಬರಲಾರದೆ ಸಾಯುತ್ತವೆ. ಹೈಮಾಸ್ಟ್ ದೀಪದ ವಿಷಯವಂತೂ ಹೇಳುವುದೇ ಬೇಡ.

ಬದಲಿಗೆ ಗ್ರಾಮಸಭೆಯಲ್ಲಿ ಹೀಗೆ ಕೇಳಿ. ಊರಿನ ರಸ್ತೆ ಮುಗಿಯುವಲ್ಲಿ, ದಿಬ್ಬದ ಹಿಂದೆ, ವಾಹನ ನಿಲ್ಲಿಸುವ ಜಾಗವೂ ಶೌಚಾಲಯವೂ ಇರಲಿ. ಅಲ್ಲಿಂದ ಕಡಲಿಗೆ ಆರಡಿ ಅಗಲದ ಕಾಲುದಾರಿ, ದಿಬ್ಬದ ಮೇಲೆ ಮಾತ್ರ ಮರದ ಹಲಗೆ, ಮಳೆಗಾಲಕ್ಕೆ ಬಿಚ್ಚಿಡುವಂಥದ್ದು. ದೋಣಿ ಇಳಿಸುವ, ಮೀನು ಒಣಗಿಸುವ, ಬಲೆ ಹರಡುವ ಜಾಗಗಳನ್ನು ಗುರುತು ಮಾಡಿ ಪಂಚಾಯಿತಿ ಪುಸ್ತಕದಲ್ಲಿ ಬರೆಸಿ. ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಎಷ್ಟೋ ಕಡೆ ಹೆಸರಿಗಷ್ಟೇ ಇದೆ. ಆಮೆ ಬಂದ ದಿನಾಂಕ, ಗೂಡಿನ ಜಾಗ ಎಲ್ಲವನ್ನೂ ಆ ಸಮಿತಿಯ ಜನತಾ ದಾಖಲೆಯಲ್ಲಿ ಬರೆಸಿ. ಮೂರು ವರ್ಷದ ದಾಖಲೆ ಕೈಯಲ್ಲಿದ್ದರೆ ಯಾರೂ ‘ಇಲ್ಲಿ ಆಮೆ ಬರುವುದೇ ಇಲ್ಲ’ ಅನ್ನಲಾರರು. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಬಂದರಿನ ಗಲಾಟೆ ನಡೆದಾಗ ಆಮೆ ಗೂಡಿನ ದಾಖಲೆಗೆ ಎಷ್ಟು ಬೆಲೆ ಬಂತು ಅನ್ನುವುದನ್ನು ಅಲ್ಲಿನ ಮೀನುಗಾರರನ್ನೇ ಕೇಳಿ, ನಿಮ್ಮೂರಿಂದ ದೂರ ಏನಲ್ಲ. ‘ಬ್ಲೂ ಫ್ಲ್ಯಾಗ್ ಬೀಚ್ ಮಾಡೋಣ’ ಅಂತ ಯಾರಾದರೂ ಹೇಳಬಹುದು. ಕಾಸರಕೋಡು, ಪಡುಬಿದ್ರಿಗೆ 2020ರಲ್ಲಿ ಆ ಅಂತಾರಾಷ್ಟ್ರೀಯ ಮಾನ್ಯತೆ ಸಿಕ್ಕಿತು. ಸ್ವಚ್ಛತೆ, ಸುರಕ್ಷತೆಗೆ ಅದು ಒಳ್ಳೆಯದೇ. ನಿಮ್ಮಂಥ ಸಣ್ಣ ತಡಿಗೆ ಅದರ ಅಗತ್ಯ ಇಲ್ಲ ಅನ್ನುವುದು ನನ್ನ ಅಭಿಪ್ರಾಯ.

ಗಾಳಿಮರ ನೆಡುವ ಕಾರ್ಯಕ್ರಮ ಬಂದರೆ ದಿಬ್ಬದ ಹಿಂದೆ ನೆಡಿ, ಮುಂದೆ ಬೇಡ. ಅದರ ಬೇರು, ಉದುರಿದ ಕಡ್ಡಿ ಗೂಡು ತೋಡಲು ಬಿಡುವುದಿಲ್ಲ. ನೆರಳಿಗೂ ಲೆಕ್ಕ ಇದೆ. ಆಮೆ ಮರಿ ಗಂಡೋ ಹೆಣ್ಣೋ ಅನ್ನುವುದು ಹೊಯ್ಗೆಯ ಬಿಸಿಯಿಂದ ತೀರ್ಮಾನ ಆಗುತ್ತದೆ. ಸುಮಾರು 29–30 ಡಿಗ್ರಿಯ ಮೇಲೆ ಹೋದಷ್ಟೂ ಹೆಣ್ಣು ಜಾಸ್ತಿ, ಕೆಳಗೆ ಇಳಿದಷ್ಟೂ ಗಂಡು ಜಾಸ್ತಿ.

ಜನರಿಗೆ ದಾರಿ ಕೇಳುವವರು ಜನರ ಕಡೆಯಿಂದ ಒಂದಿಷ್ಟು ಮಾತನ್ನೂ ಕೊಡಬೇಕು, ಅಲ್ವಾ? ನವೆಂಬರ್‌ನಿಂದ ಏಪ್ರಿಲ್ ತನಕ ರಾತ್ರಿ ಏಳರ ಮೇಲೆ ಹೊಯ್ಗೆಯಲ್ಲಿ ಬೆಂಕಿ ಹಾಕುವುದು, ಡಿ.ಜೆ., ಬೈಕ್ ಓಡಿಸುವುದು ಬೇಡ ಅಂತ ಊರೇ ನಿರ್ಣಯ ಮಾಡಲಿ. ಮನೆಗಳ ಕಡಲ ಬದಿಯ ದೀಪಕ್ಕೆ ತಗಡಿನ ಮರೆ ಕಟ್ಟಿ, ಹಳದಿ ಬಲ್ಬ್ ಹಾಕಿ. ಮೀನಿನ ತ್ಯಾಜ್ಯ ಹೊಯ್ಗೆಯಲ್ಲಿ ಬಿಟ್ಟರೆ ನಾಯಿ ಗುಂಪು ಸೇರುತ್ತದೆ. ಗೂಡು ಅಗೆಯುವುದು ಅವೇ. ಗೂಡು ಕಂಡರೆ ನೀವೇ ಮೊಟ್ಟೆ ತೆಗೆದು ಬೇರೆ ಕಡೆ ಇಡಬೇಡಿ. ಇಟ್ಟು ಕೆಲವು ಗಂಟೆ ಕಳೆದ ಮೇಲೆ ಮೊಟ್ಟೆಯನ್ನು ಹೊರಳಿಸಿದರೂ ಒಳಗಿನ ಜೀವ ಸಾಯುತ್ತದೆ. ಕಡಲಾಮೆ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಅಪರಾಧ ಸಾಬೀತಾದರೆ ಮೂರರಿಂದ ಏಳು ವರ್ಷ ಜೈಲು. ವಲಯ ಅರಣ್ಯಾಧಿಕಾರಿಯ ನಂಬರ್ ಕೈರಂಪಣಿ ತಂಡದ ಎಲ್ಲರ ಫೋನಿನಲ್ಲೂ ಇರಲಿ.

ಕೊನೆಗೆ ಮರಿಗಳ ವಿಷಯ. ಗೂಡಿನಿಂದ ಮರಿ ಬರುವುದು 45ರಿಂದ 60 ದಿನಕ್ಕೆ, ಹೆಚ್ಚಾಗಿ ರಾತ್ರಿ, ಮೇಲಿನ ಹೊಯ್ಗೆ ತಣ್ಣಗಾದ ಮೇಲೆ. ಒಂದು ಹುಣಸೆ ಬೀಜ ಇಟ್ಟಷ್ಟು ತಲೆ, ಅಂಗೈಗಿಂತ ಸಣ್ಣ ಮೈ. ಅವು ಬೆಳಕು ಜಾಸ್ತಿ ಇರುವ ದಿಕ್ಕಿಗೆ ಹೋಗುತ್ತವೆ. ಲಕ್ಷಾಂತರ ವರ್ಷ ಆ ಬೆಳಕು ಅಂದರೆ ನಕ್ಷತ್ರದ ಕೆಳಗೆ ಹೊಳೆಯುವ ಕಡಲೇ ಆಗಿತ್ತು. ನಿಮ್ಮ ತೋಟದ ಕಡೆ ಬಂದಿವೆ ಅಂದರೆ ಆ ಕಡೆ ದೀಪ ಇದೆ ಅಂತ ಅರ್ಥ. ಮೊದಲು ಆ ದೀಪ ಆರಿಸಿ. ಅರಣ್ಯ ಇಲಾಖೆಗೆ ಫೋನ್ ಮಾಡಿ. ಮರಿಗಳನ್ನು ನೀರು ತುಂಬಿದ ಬಕೆಟ್ಟಿಗೆ ಹಾಕಬೇಡಿ, ಈಜಿ ಈಜಿ ಸುಸ್ತಾಗುತ್ತವೆ. ಬುಟ್ಟಿಯಲ್ಲಿ ಸ್ವಲ್ಪ ಹಸಿ ಹೊಯ್ಗೆ ಹಾಕಿ, ಒಂದೊಂದಾಗಿ ಎತ್ತಿ ಇಟ್ಟು, ಮೇಲೆ ತೆಳ್ಳನೆ ಬಟ್ಟೆ ಮುಚ್ಚಿ. ಅಧಿಕಾರಿಗಳು ಹೇಳಿದ ಹಾಗೆ, ಕತ್ತಲಲ್ಲಿ, ನೀರಿನಿಂದ ಏಳೆಂಟು ಮೀಟರ್ ಮೇಲೆ ಹೊಯ್ಗೆಯ ಮೇಲೆ ಬಿಡಿ. ಅವು ತಾವಾಗಿ ನಡೆದೇ ಹೋಗಬೇಕು, ನೇರ ಅಲೆಗೆ ಎಸೆಯಬೇಡಿ. ಟಾರ್ಚ್ ಬೇಡ, ಮೊಬೈಲ್ ಫ್ಲ್ಯಾಶ್ ಬೇಡ. ಅಮ್ಮನನ್ನೂ ಕರೆದುಕೊಂಡು ಹೋಗಿ. ಎಲ್ಲರೂ ಹಿಂದೆ ಸರಿದು ನಿಲ್ಲಿ, ಕಾಲ ಕೆಳಗೆ ಒಂದೂ ಇಲ್ಲ ಅಂತ ಕೈಯಾಡಿಸಿ ನೋಡಿಕೊಂಡೇ ಹೆಜ್ಜೆ ಇಡಿ.